ಮಾಲದ್ವೀಪದ ಸಿದ್ಧಮತ್ಸ್ಯವೂ ಡಬ್ಬಿಯ ಮೀನೂ

ಅಡಿಗೆಯ ಇತಿಹಾಸವು ವಿದ್ವತ್ಪತ್ರಿಕೆಗಳಲ್ಲಿ ಚರ್ಚೆಗೆ ಬರುವುದು ವಿರಳ. ರಾಜವಂಶಗಳ ಕಾಲನಿರ್ಣಯಕ್ಕೂ ಶಾಸನಪಾಠಗಳ ಪರಿಷ್ಕರಣಕ್ಕೂ ನಾವು ವಿನಿಯೋಗಿಸುವ ಶ್ರಮದಲ್ಲಿ ಹತ್ತರಲ್ಲೊಂದು ಪಾಲನ್ನೂ ಜನರು ದಿನದಿನವೂ ಉಂಡ ಊಟದ ವಿಚಾರಕ್ಕೆ ವಿನಿಯೋಗಿಸಿಲ್ಲ. ಅದರಲ್ಲಿಯೂ ತಗಡಿನ ಡಬ್ಬಿಯಲ್ಲಿ ಮುಚ್ಚಿ ಮಾರಾಟಕ್ಕೆ ಬರುವ ಟ್ಯೂನಾ ಮೀನು, ಅದರಿಂದ ಅಲ್ಪಕಾಲದಲ್ಲಿ ಸಿದ್ಧವಾಗುವ ಊಟತಿಂಡಿಗಳು ಎಂದರೆ, ಇದು ಇತಿಹಾಸಕ್ಕೆ ಅರ್ಹವಾದ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಹೀಗೆ ಹುಬ್ಬೇರಿಸುವುದಕ್ಕೆ ಆಧಾರವಾಗಿರುವ ಅಭಿಪ್ರಾಯವನ್ನೇ ಈ ಲೇಖನದಲ್ಲಿ ಪೂರ್ವಪಕ್ಷವಾಗಿ ಇಟ್ಟುಕೊಂಡು ವಿಚಾರಮಾಡುವೆನು.

ಆ ಪೂರ್ವಪಕ್ಷವು ಹೀಗಿದೆ: ಡಬ್ಬಿಯ ಮೀನು ಕಾರ್ಖಾನೆಯ ಕೂಸು; ಅದಕ್ಕೆ ಕುಲವಿಲ್ಲ, ಪರಂಪರೆಯಿಲ್ಲ. ಅಡಿಗೆಮಾಡಲು ಬಿಡುವಿಲ್ಲದ ನಗರವಾಸಿಗಳಿಗಾಗಿ ವರ್ತಕರು ಅದನ್ನು ಕಲ್ಪಿಸಿದರು. ಆದುದರಿಂದ ಡಬ್ಬಿಯನ್ನು ತೆರೆದು ಮಾಡುವ ಸುಲಭಪಾಕಗಳು ಪಾಕಶಾಸ್ತ್ರದ ಇತಿಹಾಸದಲ್ಲಿ ಅಧ್ಯಾಯವಾಗಲಾರವು. ಆ ಇತಿಹಾಸದ ಕೊನೆಯಷ್ಟೇ ಆಗಬಲ್ಲವು.

ಈ ಮಾತು ಯಾವ ದೇಶಕ್ಕೆ ಎಷ್ಟು ಸಲ್ಲುವುದೋ ಆಯಾ ದೇಶದ ಇತಿಹಾಸದಿಂದ ತಿಳಿಯತಕ್ಕದ್ದು. ಹಿಂದೂ ಮಹಾಸಾಗರದಲ್ಲಿರುವ ಮಾಲದ್ವೀಪಗಳಿಗಂತೂ ಸಲ್ಲುವುದಿಲ್ಲ. ಅಲ್ಲಿ ಮೊದಲೇ ಬೇಯಿಸಿ ಕೆಡದಂತೆ ಇಟ್ಟ ಟ್ಯೂನಾ ಮೀನನ್ನು ಬೇಕಾದಾಗ ತೆಗೆದು ಕ್ಷಣಮಾತ್ರದಲ್ಲಿ ಊಟಕ್ಕೆ ಅಣಿಮಾಡುವ ಪದ್ಧತಿಯು, ಡಬ್ಬಿಯು ಹುಟ್ಟುವುದಕ್ಕೆ ನಾಲ್ಕೂವರೆ ಶತಮಾನಗಳಿಗಿಂತಲೂ ಮುಂಚೆ ಲಿಖಿತ ಸಾಕ್ಷ್ಯವನ್ನು ಪಡೆದಿದೆ. ಡಬ್ಬಿಯು ಬಂದಾಗ ಅದು ಹೊಸ ಊಟವನ್ನು ತರಲಿಲ್ಲ. ಹಳೆಯ ಊಟದಲ್ಲಿ ಒಂದು ಸ್ಥಾನವನ್ನು ಆಕ್ರಮಿಸಿತು. ಯಾವ ಸ್ಥಾನವನ್ನು ಆಕ್ರಮಿಸಿತು, ಯಾವುದನ್ನು ಆಕ್ರಮಿಸಲಾರದೆ ಹೋಯಿತು, ಈ ವ್ಯತ್ಯಾಸದಿಂದ ನಷ್ಟಪಟ್ಟವರು ಯಾರು ಎಂಬುವೇ ಪ್ರಕೃತ ವಿಚಾರದ ಮುಖ್ಯಾಂಶಗಳು.

ಮೊದಲು ನಮ್ಮ ಗ್ರಂಥಗಳ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬೇಕು. ಕನ್ನಡದಲ್ಲಿ ಇಮ್ಮಡಿ ಚಾವುಂಡರಾಯನ ಲೋಕೋಪಕಾರವು (ಕ್ರಿ. ಶ. ೧೦೨೫) ಸೂಪಶಾಸ್ತ್ರಕ್ಕೆ ಒಂದು ಪ್ರಕರಣವನ್ನು ಕೊಟ್ಟಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ಸೂಪಶಾಸ್ತ್ರವು ಷಟ್ಪದಿಯಲ್ಲಿರುವ ಶಾಕಾಹಾರಗ್ರಂಥ. ಜೈನಕವಿಯಾದ ಅವನಿಂದ ಮತ್ಸ್ಯಪಾಕವನ್ನು ನಿರೀಕ್ಷಿಸುವಂತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸವು (ಸುಮಾರು ಕ್ರಿ. ಶ. ೧೧೩೦) ಮಾತ್ರ ಮೀನಿನ ವಿಷಯದಲ್ಲಿ ಉದಾರವಾಗಿದೆ. ಅದರ ಅನ್ನಭೋಗದಲ್ಲಿ ಮೀನಿನ ಅಡಿಗೆಯ ಪ್ರಸ್ತಾವವಿದೆ; ಮತ್ಸ್ಯವಿನೋದದಲ್ಲಿ ಸುಮಾರು ಮೂವತ್ತೈದು ಜಾತಿಯ ಮೀನುಗಳನ್ನು ಸಮುದ್ರದವು, ನದಿಯವು ಎಂದು ವಿಂಗಡಿಸಿ, ಅವುಗಳಿಗೆ ಹಾಕತಕ್ಕ ಮೇವನ್ನೂ ಗಾಳದ ವಿಧಾನವನ್ನೂ ವಿವರಿಸಿದೆ. ಆದರೆ ಅದು ಅರಮನೆಯ ವಿನೋದ. ಕಡಲಿನ ಮೇಲೆ ಬದುಕುವ ಜನರು ಮೀನನ್ನು ತಿಂಗಳುಗಟ್ಟಲೆ ಕೆಡದಂತೆ ಕಾಪಾಡಿ, ಅದರಿಂದ ಸಂಸಾರವನ್ನು ಸಾಗಿಸುತ್ತಿದ್ದ ಬಗೆಯನ್ನು ತಿಳಿಯಬೇಕಾದರೆ ಶಾಸ್ತ್ರಗ್ರಂಥಗಳನ್ನು ಬಿಟ್ಟು ಪ್ರವಾಸಿಗಳ ಬರಹಗಳನ್ನೂ ಆ ಜನರ ಭಾಷೆಯನ್ನೂ ಆಶ್ರಯಿಸಬೇಕಾಗುತ್ತದೆ.

ಮಾಲದ್ವೀಪದ ಭಾಷೆಯಾದ ದಿವೇಹಿಯು ಸಿಂಹಳದೊಡನೆ ನಿಕಟಸಂಬಂಧವುಳ್ಳ ಆರ್ಯಭಾಷೆ. ಈಗ ಅದನ್ನು ಬಲದಿಂದ ಎಡಕ್ಕೆ ಸಾಗುವ ತಾನ ಎಂಬ ಲಿಪಿಯಲ್ಲಿ ಬರೆಯುತ್ತಾರಾದರೂ, ಅದರ ದೇಶ್ಯವೆಂದು ತೋರುವ ಅನೇಕ ಶಬ್ದಗಳು ಸಂಸ್ಕೃತ ಪ್ರಾಕೃತಗಳನ್ನು ಓದಿದವನಿಗೆ ಪರಿಚಿತವಾದ ಮುಖದಿಂದಲೇ ಎದುರಾಗುತ್ತವೆ. ಮೀನಿಗೆ ಅಲ್ಲಿ ‘ಮಸ್’ ಎಂದು ಹೆಸರು. ಇದು ಮತ್ಸ್ಯ ಶಬ್ದದ ತದ್ಭವ. ‘ಹಿಕಿ’ ಎಂದರೆ ಒಣಗಿದ್ದು. ಇದರ ಮೂಲವು ಶುಷ್ಕವೆಂದು ಊಹಿಸಬಹುದು. ಆದುದರಿಂದ ‘ಹಿಕಿಮಸ್’ ಎಂದರೆ ಶುಷ್ಕಮತ್ಸ್ಯ. ಉಪ್ಪು ‘ಲೊನು’, ಅಂದರೆ ಲವಣ. ಮೆಣಸಿನಕಾಯಿ ‘ಮಿರುಸ್’, ಅಂದರೆ ಮರೀಚ. ಅವರ ‘ದೋನಿ’ಯು ನಮ್ಮ ದೋಣಿಯೇ ಆಗಿದ್ದು, ಎರಡೂ ಸಂಸ್ಕೃತದ ದ್ರೋಣಿಯನ್ನು ನೆನಪಿಗೆ ತರುತ್ತವೆ. ಹವಳದ ದಿಬ್ಬಗಳು ಉಂಗುರದಂತೆ ಸುತ್ತುವರಿದ ದ್ವೀಪಸಮೂಹಕ್ಕೆ ಅವರು ಹೇಳುವ ‘ಅತೊಳು’ ಎಂಬ ಮಾತಂತೂ ಯೂರೋಪಿನ ಭಾಷೆಗಳಿಗೆ ಸೇರಿ ಇಂದು ಭೂಗೋಳಶಾಸ್ತ್ರದ ಪರಿಭಾಷೆಯಾಗಿದೆ.

ಟ್ಯೂನಾ ಎಂಬುದು ಒಂದೇ ಮೀನಿನ ಹೆಸರಲ್ಲ. ಒಂದು ಕುಲದ ಹೆಸರು. ನಮ್ಮ ಕರಾವಳಿಯಲ್ಲಿ ಈ ಕುಲದ ಮೀನುಗಳನ್ನು ಕೇದರ್ ಎನ್ನುವರು. ಮಾಲದ್ವೀಪದವರು ಈ ಕುಲದಲ್ಲಿ ಭೇದಗಳನ್ನು ಎಣಿಸಿ ‘ಕನ್ನೆಲಿ’, ‘ಲಟ್ಟಿ’, ‘ರಾಗೊಂಡಿ’ ಮುಂತಾಗಿ ಬೇರೆಬೇರೆ ಹೆಸರುಗಳನ್ನಿಟ್ಟಿದ್ದಾರೆ. ಇವುಗಳಲ್ಲಿ ಪ್ರಧಾನವಾದದ್ದು, ಇಂಗ್ಲಿಷಿನಲ್ಲಿ ಸ್ಕಿಪ್‌ಜ್ಯಾಕ್ ಎಂದು ಹೆಸರುಳ್ಳ ‘ಕಳುಬಿಲಮಸ್’. ‘ಕಳು’ ಎಂದರೆ ಕಪ್ಪು, ಕಾಲ ಶಬ್ದದಿಂದ ಬಂದುದು. ಈ ಹೆಸರು ಮುಂದಿನ ವಿಚಾರಕ್ಕೆ ಬೇಕಾಗಿರುವುದರಿಂದ ವಾಚಕರು ನೆನಪಿನಲ್ಲಿಡಬೇಕು.

ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನು ಕ್ರಿ. ಶ. ೧೩೪೩ರಲ್ಲಿ ಮಾಲದ್ವೀಪಕ್ಕೆ ಬಂದು, ಮರುವರ್ಷದವರೆಗೆ ಅಲ್ಲಿದ್ದು, ನ್ಯಾಯಾಧೀಶನಾಗಿಯೂ ಕೆಲಸಮಾಡಿದನು. ದ್ವೀಪವಾಸಿಗಳ ಮುಖ್ಯಾಹಾರವಾದ ಕೆಂಪು ಮಾಂಸದ ಮೀನೊಂದನ್ನು ಅವನು ವರ್ಣಿಸಿ, ಅದರ ಹೆಸರನ್ನು ‘ಕುಲ್ಬ್ ಅಲ್ ಮಾಸ್’ ಎಂದು ಬರೆದಿದ್ದಾನೆ. ಹಿಡಿದ ಮೀನನ್ನು ನಾಲ್ಕು ತುಂಡುಮಾಡಿ, ಸ್ವಲ್ಪ ಬೇಯಿಸಿ, ಗರಿಯ ಬುಟ್ಟಿಗಳಲ್ಲಿಟ್ಟು ಹೊಗೆಗೆ ತೂಗುಹಾಕುವರೆಂದೂ, ಪೂರ್ತಿಯಾಗಿ ಒಣಗಿದಮೇಲೆ ತಿನ್ನುವರೆಂದೂ, ಈ ಮೀನು ಅಲ್ಲಿಂದ ಭಾರತಕ್ಕೂ ಚೀನಕ್ಕೂ ಯೆಮನಿಗೂ ಹೋಗುವುದೆಂದೂ ಅವನ ಬರಹದಿಂದ ತಿಳಿಯುತ್ತದೆ. ಅರಬ್ಬೀ ವೇಷವನ್ನು ಧರಿಸಿರುವ ಈ ಹೆಸರು ದಿವೇಹಿಯ ಕಳುಬಿಲಮಸ್ಸೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕೇಳಿದ ಶಬ್ದವನ್ನು ತನ್ನ ಭಾಷೆಯ ಜಾಯಮಾನಕ್ಕೆ ಒಗ್ಗಿಸಿಕೊಂಡು ಬರೆಯುವುದು ಎಲ್ಲ ಕಾಲದ ಪ್ರವಾಸಿಗಳಿಗೂ ಸಹಜವಾದುದರಿಂದ ಈ ಸಮೀಕರಣದಲ್ಲಿ ಕ್ಲೇಶವೇನೂ ಇಲ್ಲ.

ಎರಡನೆಯ ಸಾಕ್ಷಿಯು ಫ್ರಾನ್ಸಿನ ಫ್ರಾಂಸ್ವಾ ಪಿರಾರ್. ಅವನು ಏರಿ ಬಂದ ಕೊರ್ಬೆನ್ ಎಂಬ ಹಡಗು ೧೬೦೨ರಲ್ಲಿ ಮಾಲದ್ವೀಪದ ಹವಳದ ದಿಬ್ಬಕ್ಕೆ ತಾಗಿ ಒಡೆಯಿತು. ೧೬೦೭ರವರೆಗೆ ಅವನು ಅಲ್ಲಿಯೇ ಇರಬೇಕಾಯಿತು. ಬಂಧನದಲ್ಲಿದ್ದವನಾದರೂ ಭಾಷೆಯನ್ನು ಕಲಿತು, ಕಂಡದ್ದನ್ನು ಸೂಕ್ಷ್ಮವಾಗಿ ಬರೆದನು. ಅವನೂ ಈ ಕಪ್ಪು ಮೀನಿನ ಹೆಸರನ್ನು ಸ್ಥಳೀಯ ಉಚ್ಚಾರಣೆಗೆ ಹತ್ತಿರವಾಗಿ ಕೊಟ್ಟು, ಅದನ್ನು ಸಮುದ್ರದ ನೀರಿನಲ್ಲಿ ಬೇಯಿಸಿ ಒಣಗಿಸುವರೆಂದು ಹೇಳುತ್ತಾನೆ. ಆ ದ್ವೀಪಗಳಲ್ಲಿ ಉಪ್ಪು ತಯಾರಾಗದೆ ಮಲಬಾರಿನ ತೀರದಿಂದ ಬರುತ್ತಿದ್ದಿತೆಂಬ ವಿವರವನ್ನೂ ಕೊಡುತ್ತಾನೆ. ಇಬ್ನ್ ಬತೂತನಿಗೂ ಪಿರಾರನಿಗೂ ನಡುವೆ ಎರಡೂವರೆ ಶತಮಾನಗಳ ಅಂತರವಿದ್ದರೂ ಪಾಕವಿಧಾನದಲ್ಲಿ ಅಂತರವಿಲ್ಲ. ಒಂದು ಜನಾಂಗದ ಅಡಿಗೆಯಲ್ಲಿ ಇಷ್ಟು ದೀರ್ಘವಾದ ಅವಿಚ್ಛಿನ್ನತೆಯು ಲಿಖಿತ ಪ್ರಮಾಣದಿಂದ ಸಿದ್ಧವಾಗುವುದು ಅಪೂರ್ವ.

ಈ ವಿಧಾನವು ಏಕೆ ಹುಟ್ಟಿತೆಂಬುದಕ್ಕೆ ಕಾರಣವು ಮೀನಿನಲ್ಲಿಯೂ ಸ್ಥಳದಲ್ಲಿಯೂ ಇದೆ. ಟ್ಯೂನಾ ಕುಲದ ಮೀನುಗಳ ಮೈಯು ಸುತ್ತಲಿನ ನೀರಿಗಿಂತ ಬಿಸಿಯಾಗಿರುತ್ತದೆ. ಸತ್ತಮೇಲೆ ತಂಪಾಗಿಡದೆ ಬಿಟ್ಟರೆ ಅದರ ಮಾಂಸದಲ್ಲಿ ಹಿಸ್ಟಮೀನ್ ಎಂಬ ದ್ರವ್ಯವು ಬೇಗನೆ ಹೆಚ್ಚುತ್ತದೆ. ಒಮ್ಮೆ ಹೆಚ್ಚಿದರೆ ಬೇಯಿಸಿದರೂ ಆ ದೋಷವು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರುವುದು, ತಲೆನೋವು, ದದ್ದು ಮೊದಲಾದ ತೊಂದರೆಗಳು ಬರುತ್ತವೆ. ಮಂಜುಗಡ್ಡೆಯಿಲ್ಲದ ಕಾಲದಲ್ಲಿ, ಸಮಭಾಜಕವೃತ್ತದ ಸಮೀಪದ ಬಿಸಿಲಿನಲ್ಲಿ, ಉಪ್ಪನ್ನು ಹೊರಗಿನಿಂದ ತರಿಸಬೇಕಾದ ದ್ವೀಪದಲ್ಲಿ, ಹಿಡಿದ ದಿನವೇ ಮೀನನ್ನು ಬೇಯಿಸದೆ ಗತಿಯಿರಲಿಲ್ಲ. ಸಮುದ್ರದ ನೀರೇ ಉಪ್ಪುನೀರು. ತೆಂಗಿನ ಸಿಪ್ಪೆ, ಸೋಗೆಗಳೇ ಸೌದೆ. ಹೀಗೆ ದೊರೆತಷ್ಟರಲ್ಲಿಯೇ ಈ ಪಾಕವು ರೂಪುಗೊಂಡಿತು.

ಬೇಯಿಸುವುದರಿಂದ ಎರಡು ವಸ್ತುಗಳು ಲಭಿಸುತ್ತವೆ. ಒಂದು, ಬೆಂದ ಮೀನು. ಇದು ಅರೆಯಾಗಿ ಹೊಗೆಯಲ್ಲಿ ಪಕ್ವವಾದಾಗ ‘ವಳೋಮಸ್’ ಎನಿಸಿಕೊಂಡು ಮೆತ್ತಗಿರುತ್ತದೆ; ಮತ್ತೂ ಹೊಗೆಯಿಟ್ಟು ಬಿಸಿಲಿನಲ್ಲಿ ಒಣಗಿಸಿದರೆ ಕೊರಡಿನಂತೆ ಗಟ್ಟಿಯಾಗಿ ಹಿಕಿಮಸ್ ಆಗುತ್ತದೆ. ಎರಡನೆಯದು, ಬೆಂದ ನೀರು. ಇದಕ್ಕೆ ‘ಗರುದಿಯ’ ಎಂದು ಹೆಸರು. ತಿಳಿಯಾದ ಈ ಸಾರನ್ನು ಅನ್ನದ ಮೇಲೆ ಹಾಕಿಕೊಂಡು, ನಿಂಬೆಯ ರಸ, ಹಸಿಮೆಣಸಿನಕಾಯಿ, ಈರುಳ್ಳಿಗಳೊಡನೆ ಉಣ್ಣುವರು. ಉಳಿದ ಗರುದಿಯವನ್ನು ಬಹಳ ಹೊತ್ತು ಕುದಿಸಿ ಬತ್ತಿಸಿದರೆ ಕಂದುಬಣ್ಣದ ಲೇಹ್ಯದಂತಹ ‘ರಿಹಾಕುರು’ ಉಳಿಯುತ್ತದೆ. ಇದು ಬಹುಕಾಲ ಕೆಡುವುದಿಲ್ಲ. ಬೆರಳತುದಿಯಷ್ಟು ಇದ್ದರೆ ಒಂದು ತುತ್ತಿಗೆ ಸಾಕು. ಮೀನಿನ ಯಾವ ಸತ್ತ್ವವನ್ನೂ ಚೆಲ್ಲದಿರುವ ಈ ಕ್ರಮದಲ್ಲಿ ಒಂದು ಶಾಸ್ತ್ರವೇ ಅಡಗಿದೆ.

ಇದೇ ಮೀನನ್ನು ಇದೇ ರೀತಿಯಲ್ಲಿ ಉಪಯೋಗಿಸುವ ಮತ್ತೊಂದು ದೇಶವು ಜಪಾನ್. ಅಲ್ಲಿ ಹತ್ತನೆಯ ಶತಮಾನದ ಎಂಗಿಶಿಕಿ ಎಂಬ ವಿಧಿಗ್ರಂಥದಲ್ಲಿ (ಕ್ರಿ. ಶ. ೯೨೭) ಕತ್ಸುವೋ ಮೀನಿನಿಂದಾದ ಪದಾರ್ಥಗಳು ಅರಮನೆಗೆ ಸಲ್ಲತಕ್ಕ ಕಾಣಿಕೆಗಳಾಗಿ ಉಕ್ತವಾಗಿವೆ. ಅವುಗಳಲ್ಲಿ ಒಣಮೀನಿನೊಡನೆ ಬತ್ತಿಸಿದ ಸಾರೂ ಸೇರಿದೆ. ಹೊಗೆಯಿಟ್ಟು ಒಣಗಿಸುವ ಕ್ರಮವು ಅಲ್ಲಿ ರೂಢಿಗೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಇಷ್ಟರಿಂದಲೇ ಒಂದು ದೇಶವು ಮತ್ತೊಂದರಿಂದ ಕಲಿಯಿತೆಂದು ನಿರ್ಣಯಿಸುವುದು ಸಾಹಸವಾದೀತು. ಒಂದೇ ಮೀನಿನ ಒಂದೇ ಗುಣವು ಎರಡು ಕಡೆಗಳಲ್ಲಿ ಒಂದೇ ಉಪಾಯವನ್ನು ಸೂಚಿಸಿರುವುದೂ ಸಂಭವ.

ಇನ್ನು ಸಿದ್ಧಮತ್ಸ್ಯದಿಂದ ಮಾಡುತ್ತಿದ್ದ ಊಟತಿಂಡಿಗಳನ್ನು ನೋಡೋಣ. ಇವುಗಳಲ್ಲಿ ಮೊದಲನೆಯದು ‘ಮಸ್‌ಹುನಿ’. ಮಾಲದ್ವೀಪದವರ ಬೆಳಗಿನ ಉಪಾಹಾರವಿದು. ಈರುಳ್ಳಿಯನ್ನೂ ಮೆಣಸಿನಕಾಯಿಯನ್ನೂ ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ, ನಿಂಬೆಯ ರಸವನ್ನು ಹಿಂಡಿ, ಎಲ್ಲವನ್ನೂ ಕೈಯಿಂದ ಚೆನ್ನಾಗಿ ಹಿಸುಕುವರು. ಈರುಳ್ಳಿಯ ಕಾರವು ಮುರಿದು ರಸ ಬಿಟ್ಟ ಮೇಲೆ ಪುಡಿಮಾಡಿದ ಮೀನನ್ನೂ, ಕೊನೆಯಲ್ಲಿ ಆಗತಾನೆ ತುರಿದ ತೆಂಗಿನಕಾಯಿಯನ್ನೂ ಬೆರೆಸುವರು. ಒಲೆ ಹಚ್ಚಬೇಕಾದುದು ಇದಕ್ಕೆ ಜತೆಯಾಗಿ ತಿನ್ನುವ ‘ರೋಶಿ’ಗೆ ಮಾತ್ರ, ರೋಶಿಯೆಂದರೆ ನಮ್ಮ ರೊಟ್ಟಿಯ ನೆಂಟನೇ. ಎಲೆಯ ಸೊಪ್ಪನ್ನು ಹೆಚ್ಚಿ ಸೇರಿಸಿದರೆ ಒಂದು ಭೇದ, ಬೆಂದ ಕುಂಬಳಕಾಯಿಯನ್ನು ಸೇರಿಸಿದರೆ ಮತ್ತೊಂದು ಭೇದ. ಕೋಸಂಬರಿಯನ್ನು ಬಲ್ಲ ನಮಗೆ ಈ ಕ್ರಮವು ಅಪರಿಚಿತವೆನಿಸದು.

ಇದೇ ಮಿಶ್ರಣವನ್ನು ಹಿಟ್ಟಿನ ಕಣಕದೊಳಗಿಟ್ಟು ತಟ್ಟಿ ಹೆಂಚಿನ ಮೇಲೆ ಸುಟ್ಟರೆ ‘ಮಸ್‌ರೋಶಿ’. ಉಂಡೆಕಟ್ಟಿ ಎಣ್ಣೆಯಲ್ಲಿ ಕರಿದರೆ ‘ಗುಳ’. ಮೂರು ಮೂಲೆಯಾಗಿ ಮಡಿಸಿ ಕರಿದರೆ ‘ಬಜಿಯ’. ಅಕ್ಕಿ, ತೆಂಗಿನಕಾಯಿ, ಮೆಣಸಿನಕಾಯಿಗಳೊಡನೆ ಮೀನನ್ನು ಕಲಸಿ ಕೆಂಡದಲ್ಲಿ ಬೇಯಿಸಿದ ಖಾರದ ಕಡುಬಿನಂತಹ ತಿಂಡಿಗೆ ‘ಕುಳಿ ಬೋಕಿಬಾ’ ಎಂದು ಹೆಸರು. ತೆಂಗಿನ ಹಾಲಿನಲ್ಲಿ ಸಂಬಾರದೊಡನೆ ಕುದಿಸಿದರೆ ‘ಮಸ್‌ರಿಹ’. ಒಂದೇ ದ್ರವ್ಯದಿಂದ ಪ್ರಾತಃಕಾಲದ ಆಹಾರ, ಮಧ್ಯಾಹ್ನದ ವ್ಯಂಜನ, ಸಾಯಂಕಾಲದ ತಿಂಡಿ ಈ ಮೂರೂ ನಿರ್ವಾಹವಾಗುತ್ತಿದ್ದುವು. ಗೃಹಿಣಿಗೆ ಆ ಹೊತ್ತಿನಲ್ಲಿ ಬೀಳುತ್ತಿದ್ದ ಕೆಲಸವು ಸ್ವಲ್ಪ. ಏಕೆಂದರೆ ದೊಡ್ಡ ಕೆಲಸವು ಮೊದಲೇ ಮುಗಿದಿರುತ್ತಿದ್ದಿತು. ಮುಗಿಸಿದವರೂ ಬಹುಮಟ್ಟಿಗೆ ಹೆಂಗಸರೇ. ಗಂಡಸರು ದೋಣಿಯಲ್ಲಿ ಹೋಗಿ, ಸಣ್ಣ ಮೀನುಗಳನ್ನು ಜೀವಂತವಾಗಿ ಎರಚಿ ಟ್ಯೂನಾ ಹಿಂಡನ್ನು ಆಕರ್ಷಿಸಿ, ಕೋಲಿಗೆ ಕಟ್ಟಿದ ಮುಳ್ಳಿಲ್ಲದ ಗಾಳದಿಂದ ಒಂದೊಂದಾಗಿ ಎತ್ತಿ ತರುವರು. ಸಂಜೆ ದಡಕ್ಕೆ ಬಂದ ಮೀನನ್ನು ಬೇಯಿಸುವುದು, ಹೊಗೆಯಿಡುವುದು, ಒಣಗಿಸುವುದು, ರಿಹಾಕುರುವನ್ನು ಬತ್ತಿಸುವುದು ಹೆಂಗಸರ ಪಾಲು.

ಗೃಹಕೃತ್ಯಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಹಿಕಿಮಸ್ಸನ್ನು ಪರದೇಶಗಳಿಗೆ ಕಳುಹಿಸುತ್ತಿದ್ದರು. ಕಳೆದ ಶತಮಾನಗಳಲ್ಲಿ ಇದರ ಮುಖ್ಯ ಗಿರಾಕಿಯು ಸಿಂಹಳ. ಅಲ್ಲಿ ‘ಉಂಬಲಕಡ’ ಎಂಬ ಹೆಸರಿನಿಂದ ಇದನ್ನು ಕುಟ್ಟಿ ಪಲ್ಯ, ಚಟ್ನಿ, ಸಾರುಗಳಿಗೆ ರುಚಿಗಾಗಿ ಹಾಕುತ್ತಾರೆ. ಲಕ್ಷದ್ವೀಪಗಳಲ್ಲಿಯೂ ಇದೇ ಬಗೆಯ ಒಣಮೀನಿಗೆ ‘ಮಾಸ್’ ಎಂದು ಹೆಸರು. ಅವುಗಳಲ್ಲಿ ದಕ್ಷಿಣದ ತುದಿಯಲ್ಲಿರುವ ಮಿನಿಕಾಯಿಯ ಭಾಷೆಯು ದಿವೇಹಿಯದೇ ಒಂದು ಪ್ರಭೇದ. ಉತ್ತರದ ಅಮಿನಿದೀವಿ ಗುಂಪಿಗೂ ಕನ್ನಡನಾಡಿಗೂ ಇದ್ದ ಸಂಬಂಧವನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಈ ದ್ವೀಪಗಳು ಟಿಪ್ಪೂಸುಲ್ತಾನನ ಅಧೀನದಲ್ಲಿದ್ದು, ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕಂಪೆನಿಯ ವಶವಾಗಿ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದುವು. ೧೯೫೬ರ ನವೆಂಬರಿನಲ್ಲಿ ಲಕ್ಷದ್ವೀಪಗಳು ಕೇಂದ್ರಾಡಳಿತಕ್ಕೆ ಹೋಗುವವರೆಗೂ ಇವುಗಳ ಆಡಳಿತವು ಮಂಗಳೂರಿನಿಂದಲೇ ನಡೆಯುತ್ತಿದ್ದಿತು. ದ್ವೀಪದ ನಾರುಹಗ್ಗವನ್ನು ಮಂಗಳೂರಿನಲ್ಲಿ ಸರಕಾರಕ್ಕೆ ಒಪ್ಪಿಸಿ ಅಕ್ಕಿಯನ್ನು ಪಡೆಯುವುದು ಆ ಜನರ ಜೀವನಾಧಾರವಾಗಿದ್ದಿತು. ಕರಾವಳಿಯ ಅಕ್ಕಿಯೂ ದ್ವೀಪದ ಮೀನೂ ಒಂದೇ ತಟ್ಟೆಯಲ್ಲಿ ಕೂಡಿದ ಕಾಲವದು.

ಈಗ ಡಬ್ಬಿಯ ಕಥೆಗೆ ಬರೋಣ. ಆಹಾರವನ್ನು ಗಾಳಿ ಹೋಗದಂತೆ ಮುಚ್ಚಿ ಕಾಯಿಸಿದರೆ ಕೆಡದೆ ಉಳಿಯುವುದೆಂಬುದನ್ನು ಪ್ರಯೋಗದಿಂದ ತೋರಿಸಿದವನು ಫ್ರಾನ್ಸಿನ ನಿಕೊಲಾ ಅಪೆರ್. ಇದಕ್ಕಾಗಿ ಅವನಿಗೆ ಸರಕಾರದಿಂದ ೧೨,೦೦೦ ಫ್ರಾಂಕುಗಳ ಬಹುಮಾನವು ಬಂದಿತು. ೧೮೧೦ರಲ್ಲಿ ತನ್ನ ವಿಧಾನವನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಅವನು ಉಪಯೋಗಿಸಿದ್ದು ಗಾಜಿನ ಸೀಸೆ. ತವರದ ಲೇಪವುಳ್ಳ ಕಬ್ಬಿಣದ ತಗಡಿನ ಪಾತ್ರೆಗೆ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡನು ಹಕ್ಕುಪತ್ರವನ್ನು ಪಡೆದದ್ದೂ ಅದೇ ೧೮೧೦ರಲ್ಲಿ. ಹೀಗೆ ಮಾಡಿದರೆ ಆಹಾರವು ಏಕೆ ಕೆಡುವುದಿಲ್ಲವೆಂಬುದರ ಕಾರಣವು ಲೂಯಿ ಪಾಸ್ತರನ ಸಂಶೋಧನೆಗಳವರೆಗೆ, ಅಂದರೆ ಮತ್ತೂ ಅರ್ಧ ಶತಮಾನದವರೆಗೆ, ಯಾರಿಗೂ ತಿಳಿದಿರಲಿಲ್ಲ. ಮಾಲದ್ವೀಪದ ಹೆಂಗಸರಂತೆಯೇ ಯೂರೋಪಿನ ಪಂಡಿತರೂ ಕಾರಣವನ್ನು ತಿಳಿಯದೆ ಕಾರ್ಯವನ್ನು ಸಾಧಿಸಿದ್ದರು.

ಟ್ಯೂನಾ ಮೀನು ಡಬ್ಬಿಯ ಮುಖ್ಯಪದಾರ್ಥವಾದದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ೧೯೦೩ರಲ್ಲಿ ಅಲ್ಲಿನ ಸ್ಯಾನ್ ಪೆಡ್ರೊ ಬಂದರಿನಲ್ಲಿ ಸಾರ್ಡೀನ್ ಮೀನು ದುರ್ಲಭವಾಗಲು, ಆಲ್ಬರ್ಟ್ ಹಾಫ್‌ಹಿಲ್ ಎಂಬವನು ಬರಿದಾಗಿ ಉಳಿದ ಡಬ್ಬಿಗಳಲ್ಲಿ ಆಲ್ಬಕೋರ್ ಜಾತಿಯ ಟ್ಯೂನಾವನ್ನು ತುಂಬಿ ನೋಡಿದನು. ಹಬೆಯಲ್ಲಿ ಬೆಂದು ಬೆಳ್ಳಗಾದ ಅದರ ಮಾಂಸವು ಕೋಳಿಯ ಮಾಂಸದಂತಿದೆಯೆಂದು ಜನರು ಒಪ್ಪಿಕೊಂಡರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದರ ಬೇಡಿಕೆ ಬೆಳೆಯಿತು. ಕ್ಯಾಲಿಫೋರ್ನಿಯದ ಈ ಉದ್ಯಮದಲ್ಲಿ ಕೋಲುಗಾಳದ ಕೌಶಲವನ್ನು ತಂದವರು ಟರ್ಮಿನಲ್ ದ್ವೀಪದಲ್ಲಿ ನೆಲಸಿದ್ದ ಜಪಾನೀ ಬೆಸ್ತರು. ಕಾರ್ಖಾನೆಗಳಲ್ಲಿ ಮೀನನ್ನು ಹಸನುಮಾಡಿ ತುಂಬುತ್ತಿದ್ದವರು ಅವರ ಹೆಂಗಸರು. ೧೯೪೨ರ ಫೆಬ್ರವರಿಯಲ್ಲಿ, ಯುದ್ಧದ ನೆಪದಿಂದ, ನಲವತ್ತೆಂಟು ಗಂಟೆಗಳ ಅವಧಿಕೊಟ್ಟು ಅವರೆಲ್ಲರನ್ನೂ ಆ ದ್ವೀಪದಿಂದ ಹೊರಡಿಸಲಾಯಿತು. ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತ ಡಬ್ಬಿಗಳಲ್ಲಿ ಈ ವೃತ್ತಾಂತದ ಗುರುತು ಯಾವುದೂ ಉಳಿಯುವುದಿಲ್ಲ.

ಡಬ್ಬಿಯ ಪಾಕವಿಧಾನವನ್ನು ಹಿಕಿಮಸ್ಸಿನ ವಿಧಾನದೊಡನೆ ಹೋಲಿಸಿದರೆ ಒಂದು ಸಾದೃಶ್ಯವು ಕಣ್ಣಿಗೆ ಬೀಳುತ್ತದೆ. ಕಾರ್ಖಾನೆಯಲ್ಲಿ ಮೀನನ್ನು ಮೊದಲು ಹಬೆಯಲ್ಲಿ ಬೇಯಿಸಿ, ಆರಿಸಿ, ಚರ್ಮ, ಮೂಳೆ, ಕಪ್ಪು ಮಾಂಸಗಳನ್ನು ಕೈಯಿಂದ ತೆಗೆಯುವರು. ಬಳಿಕ ಡಬ್ಬಿಯಲ್ಲಿ ತುಂಬಿ, ಎಣ್ಣೆಯನ್ನೋ ಉಪ್ಪುನೀರನ್ನೋ ಹಾಕಿ, ಮುಚ್ಚಿ, ಒತ್ತಡವುಳ್ಳ ಪಾತ್ರೆಯಲ್ಲಿ ನೀರು ಕುದಿಯುವ ಉಷ್ಣಕ್ಕಿಂತ ಹೆಚ್ಚಾದ ಉಷ್ಣದಿಂದ ಮತ್ತೊಮ್ಮೆ ಬೇಯಿಸುವರು. ಅಲ್ಲಿಯೂ ದ್ವಿಪಾಕ, ಇಲ್ಲಿಯೂ ದ್ವಿಪಾಕ. ಅಲ್ಲಿ ಎರಡನೆಯ ಪಾಕವು ಹೊಗೆಯದು. ಇಲ್ಲಿ ಮುಚ್ಚಿದ ತಗಡಿನದು. ಎರಡರ ಪ್ರಯೋಜನವೂ ಒಂದೇ: ಉಣ್ಣುವವನ ಮನೆಗೆ ಬರುವ ವೇಳೆಗೆ ಮೀನು ಸಿದ್ಧವಾಗಿರುವುದು.

ಈ ಎರಡು ಪರಂಪರೆಗಳು ಸಂಧಿಸಿದ ಕಾಲವನ್ನು ಸಾಕಷ್ಟು ನಿಷ್ಕೃಷ್ಟವಾಗಿ ಹೇಳಬಹುದು. ಲಕ್ಷದ್ವೀಪದ ಮಿನಿಕಾಯಿಯಲ್ಲಿ ೧೯೬೯ರಲ್ಲಿ ಟ್ಯೂನಾ ಡಬ್ಬಿಯ ಕಾರ್ಖಾನೆಯು ಸ್ಥಾಪಿತವಾಯಿತು. ಮಾಲದ್ವೀಪದ ಹಿಕಿಮಸ್ ವ್ಯಾಪಾರಕ್ಕೆ ೧೯೭೦ರ ದಶಕದ ಆರಂಭದಲ್ಲಿ ದೊಡ್ಡ ಆಘಾತವು ತಗಲಿತು. ವಿದೇಶದ ನಾಣ್ಯದ ಅಭಾವದಿಂದ ಸಿಂಹಳದ ಸರಕಾರವು ಆಮದನ್ನು ಬಿಗಿಹಿಡಿಯಿತು. ಶತಮಾನಗಳ ಗಿರಾಕಿಯು ಕೈಬಿಟ್ಟಾಗ ಮಾಲದ್ವೀಪದವರು ೧೯೭೨ರಿಂದ ಹಸಿಮೀನನ್ನು ಸಮುದ್ರದಲ್ಲಿಯೇ ಜಪಾನೀ ಕಂಪೆನಿಗಳ ಶೈತ್ಯಾಗಾರವುಳ್ಳ ಹಡಗುಗಳಿಗೆ ಮಾರತೊಡಗಿದರು. ೧೯೭೪ರಲ್ಲಿ ದೋಣಿಗಳಿಗೆ ಯಂತ್ರಗಳನ್ನು ಅಳವಡಿಸುವ ಕೆಲಸವು ಮೊದಲಾಯಿತು. ಆ ದಶಕದ ಉತ್ತರಾರ್ಧದಲ್ಲಿ ಲಾವಿಯಾನಿ ಅತೊಳಿನ ಫೆಲಿವರು ಎಂಬ ದ್ವೀಪದಲ್ಲಿ ಜಪಾನಿನವರ ಸಹಯೋಗದಿಂದ ಡಬ್ಬಿಯ ಕಾರ್ಖಾನೆಯು ಹುಟ್ಟಿತು. ಹೀಗೆ ಐದಾರು ವರ್ಷಗಳೊಳಗೆ, ಇಬ್ನ್ ಬತೂತನು ಕಂಡಿದ್ದ ಸಿದ್ಧಮತ್ಸ್ಯದ ದೇಶವು ಡಬ್ಬಿಯ ಮೀನಿನ ದೇಶವೂ ಆಯಿತು.

ಅಡಿಗೆಮನೆಯಲ್ಲಿ ಆದದ್ದೇನು? ವಳೋಮಸ್ ಇಲ್ಲದಿದ್ದಾಗ ಅಥವಾ ಅದನ್ನು ಸಿದ್ಧಪಡಿಸಲು ಬಿಡುವಿಲ್ಲದಾಗ ಮಸ್‌ಹುನಿಗೆ ಡಬ್ಬಿಯ ಮೀನನ್ನು ಹಾಕುವುದು ಈಗ ದ್ವೀಪಗಳಲ್ಲಿಯೂ, ಹೊರದೇಶಗಳಲ್ಲಿ ನೆಲಸಿದ ದ್ವೀಪವಾಸಿಗಳಲ್ಲಿಯೂ ಸಾಮಾನ್ಯವಾಗಿದೆ. ಈರುಳ್ಳಿಯನ್ನು ಹಿಸುಕುವ ಕ್ರಮ, ನಿಂಬೆಯ ರಸ, ಕಾಯಿತುರಿಯ ಸ್ಥಾನ ಯಾವುದೂ ಬದಲಾಗಲಿಲ್ಲ. ಡಬ್ಬಿಯ ನೀರನ್ನೋ ಎಣ್ಣೆಯನ್ನೋ ಪೂರ್ತಿಯಾಗಿ ಬಸಿದು ಹಿಂಡುವುದೊಂದೇ ಹೊಸ ವಿಧಿ. ಇಲ್ಲವಾದರೆ ಕಾಯಿತುರಿಯು ನೆನೆದು ಮುದ್ದೆಯಾಗುತ್ತದೆ. ಉಪ್ಪನ್ನು ಮೊದಲಿಗಿಂತ ಕಡಮೆ ಹಾಕುವುದೂ ಯುಕ್ತ, ಏಕೆಂದರೆ ಡಬ್ಬಿಯ ಮೀನಿನಲ್ಲಿ ಅದು ಮೊದಲೇ ಸೇರಿರುತ್ತದೆ. ಮಸ್‌ರೋಶಿ, ಗುಳ, ಬಜಿಯಗಳ ಹೂರಣಕ್ಕೂ ಇದು ಒಗ್ಗುತ್ತದೆ. ಮಸ್‌ರಿಹಕ್ಕೆ ಉಪಯೋಗಿಸುವುದಾದರೆ ತೆಂಗಿನ ಹಾಲೂ ಸಂಬಾರವೂ ಕುದಿದು ಹದವಾದ ಬಳಿಕ ಕೊನೆಯಲ್ಲಿ ಸೇರಿಸಬೇಕು. ಎರಡು ಸಲ ಬೆಂದ ಮೀನು ಮೂರನೆಯ ಬಾರಿ ಬಹಳ ಕುದಿದರೆ ಎಳೆಯೆಳೆಯಾಗಿ ಬಿಟ್ಟು ರಸವನ್ನು ಕೆಡಿಸುತ್ತದೆ. ಹೊಗೆಯ ವಾಸನೆಯು ಮಾತ್ರ ಇವು ಯಾವುದರಲ್ಲಿಯೂ ಇರುವುದಿಲ್ಲ. ಹಳಬರು ಆಕ್ಷೇಪಿಸುವುದು ಅದನ್ನೇ.

ಆದರೆ ಗರುದಿಯವನ್ನು ಡಬ್ಬಿಯಿಂದ ಮಾಡಲಾಗುವುದಿಲ್ಲ. ರಿಹಾಕುರುವನ್ನಂತೂ ಆಗುವುದೇ ಇಲ್ಲ. ಇವೆರಡೂ ಹಸಿಮೀನನ್ನು ಬೇಯಿಸಿದ ನೀರಿನಿಂದ ಹುಟ್ಟತಕ್ಕವು. ಡಬ್ಬಿಯ ಮೀನಿನ ಮೊದಲ ಪಾಕವು ಕಾರ್ಖಾನೆಯಲ್ಲಿ ನಡೆದುಹೋಗುವುದರಿಂದ ಅದರ ಸಾರವೂ ಅಲ್ಲಿಯೇ ಉಳಿಯುತ್ತದೆ. ಮನೆಗೆ ಬರುವುದು ಮಾಂಸವಷ್ಟೆ. ಪೂರ್ವಪಕ್ಷಿಯು ಡಬ್ಬಿಯ ಊಟಕ್ಕೆ ಪರಂಪರೆಯಿಲ್ಲವೆಂದನು. ಅದು ಸರಿಯಲ್ಲವೆಂದು ಮೇಲೆ ತೋರಿಸಿದ್ದಾಯಿತು. ಆದರೆ ಪರಂಪರೆಯೆಲ್ಲವೂ ಡಬ್ಬಿಯೊಳಗೆ ಸುರಕ್ಷಿತವಾಗಿದೆಯೆಂದು ಹೇಳುವ ಪ್ರತಿಪಕ್ಷವೂ ಸರಿಯಲ್ಲ. ಮಸ್‌ಹುನಿಯು ಡಬ್ಬಿಯಿಂದ ಬದುಕುತ್ತದೆ. ಗರುದಿಯವು ಬದುಕಬೇಕಾದರೆ ಹಸಿಮೀನು ದಡಕ್ಕೆ ಬರಬೇಕು, ಮನೆಯಲ್ಲಿ ಒಲೆ ಉರಿಯಬೇಕು.

ಇದಕ್ಕಿಂತಲೂ ಗುರುತರವಾದ ಅಂಶವು ಇನ್ನೊಂದಿದೆ. ಮೀನು ಸಮುದ್ರದಲ್ಲಿಯೇ ಹಡಗಿಗೆ ಮಾರಾಟವಾಗತೊಡಗಿದಾಗ ದಡದಲ್ಲಿ ಅದನ್ನು ಬೇಯಿಸಿ ಒಣಗಿಸುತ್ತಿದ್ದ ಹೆಂಗಸರ ಕೆಲಸವು ಬಹುಮಟ್ಟಿಗೆ ತಪ್ಪಿತು. ಕೆಲಸದೊಡನೆ ಸಂಪಾದನೆಯೂ ತಪ್ಪಿತು. ಮೊದಲು ಹಿಕಿಮಸ್ಸಿನ ಬೆಲೆಯಲ್ಲಿ ಗಂಡಸಿನ ಗಾಳಕ್ಕೂ ಹೆಂಗಸಿನ ಒಲೆಗೂ ಪಾಲಿದ್ದಿತು. ಬಳಿಕ ಬೆಲೆಯು ಗಾಳಕ್ಕೆ ಸಂದಿತು. ಒಲೆಯ ಪಾಲು ಕಾರ್ಖಾನೆಗೆ ಹೋಯಿತು. ಅಡಿಗೆಯು ಸುಲಭವಾಯಿತೆಂದು ಹೇಳುವಾಗ ಯಾರಿಗೆ ಸುಲಭವಾಯಿತು, ಯಾರ ಕೈಯ ವಿದ್ಯೆಯು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಇತಿಹಾಸಕಾರನು ಕೇಳದಿರುವಂತಿಲ್ಲ. ಶ್ರಮವು ಲೋಪವಾಗುವುದಿಲ್ಲ, ಸ್ಥಾನವನ್ನು ಬದಲಾಯಿಸುತ್ತದೆ. ಹಿಂದೆ ಅದು ನೆರೆಮನೆಯ ಹೊಗೆಗೂಡಿನಲ್ಲಿ ಕಣ್ಣಿಗೆ ಕಾಣುತ್ತಿದ್ದಿತು. ಈಗ ಕಾಣದಷ್ಟು ದೂರದಲ್ಲಿದೆ.

ಈ ಬದಲಾವಣೆಯಲ್ಲಿ ಉಳಿದುಕೊಂಡ ಒಂದು ಸಂಗತಿಯನ್ನೂ ಹೇಳದಿರುವುದು ಅನ್ಯಾಯವಾದೀತು. ಬೇರೆ ಸಮುದ್ರಗಳಲ್ಲಿ ೧೯೫೦ರ ದಶಕದ ಕೊನೆಯಿಂದ ಕೋಲುಗಾಳವನ್ನು ಬಿಟ್ಟು, ಇಡೀ ಹಿಂಡನ್ನು ಸುತ್ತುವರಿಯುವ ನೈಲಾನ್ ಬಲೆಗಳನ್ನು ಹಿಡಿದರು. ಪೂರ್ವ ಪೆಸಿಫಿಕ್ ಸಾಗರದಲ್ಲಿ ಟ್ಯೂನಾದೊಡನೆ ಡಾಲ್ಫಿನ್ನುಗಳೂ ಆ ಬಲೆಗಳಲ್ಲಿ ಸಿಕ್ಕಿ ಅಸಂಖ್ಯವಾಗಿ ಸತ್ತುದರಿಂದ ಅಮೆರಿಕದಲ್ಲಿ ೧೯೭೨ರಲ್ಲಿ ಸಮುದ್ರದ ಸಸ್ತನಿಗಳ ರಕ್ಷಣೆಗೆ ಶಾಸನವೇ ಆಗಬೇಕಾಯಿತು. ಮಾಲದ್ವೀಪದವರು ಸ್ಕಿಪ್‌ಜ್ಯಾಕನ್ನು ಹಿಡಿಯುವುದರಲ್ಲಿ ಒಂದು ಗಾಳಕ್ಕೆ ಒಂದು ಮೀನು ಎಂಬ ಕ್ರಮವನ್ನು ಬಿಡಲಿಲ್ಲ. ೨೦೧೨ರಲ್ಲಿ ಈ ಕ್ರಮಕ್ಕೆ ಅಂತಾರಾಷ್ಟ್ರೀಯ ಪ್ರಮಾಣಪತ್ರವು ದೊರೆತು, ಕೋಲುಗಾಳದ ಮೀನೆಂಬ ಹೆಸರೇ ಡಬ್ಬಿಗೆ ಬೆಲೆಯನ್ನು ತರುವಂತಾಯಿತು. ಪರಂಪರೆಯು ಡಬ್ಬಿಯೊಳಗಿನ ಮೀನಿನಲ್ಲಿ ಮಾತ್ರವಲ್ಲದೆ ಅದನ್ನು ಹಿಡಿದ ರೀತಿಯಲ್ಲಿಯೂ ಇರಬಹುದೆಂಬುದಕ್ಕೆ ಇದು ನಿದರ್ಶನ.

ಒಟ್ಟಿನಲ್ಲಿ ನಿರ್ಣಯಿಸಬಹುದಾದುದು ಇಷ್ಟು. ಸಿದ್ಧಮತ್ಸ್ಯದಿಂದ ಮಾಡುವ ಸುಲಭಪಾಕವು ಡಬ್ಬಿಯಿಂದ ಹುಟ್ಟಿದ್ದಲ್ಲ. ಮಾಲದ್ವೀಪದಲ್ಲಿ ಅದರ ಲಿಖಿತ ಇತಿಹಾಸವೇ ಹದಿನಾಲ್ಕನೆಯ ಶತಮಾನಕ್ಕೆ ಹೋಗುತ್ತದೆ. ಡಬ್ಬಿಯು ಆ ಪಾಕದ ಒಂದು ಅಂಗವನ್ನು ನಿರ್ವಹಿಸಬಲ್ಲುದು, ಮತ್ತೊಂದನ್ನು ನಿರ್ವಹಿಸಲಾರದು. ನಿರ್ವಹಿಸಲಾರದ ಅಂಗವು ಯಾವ ಗ್ರಂಥದಲ್ಲಿಯೂ ವಿಧಿರೂಪವಾಗಿ ಬರೆಯಲ್ಪಡದೆ, ಕೈಯಿಂದ ಕೈಗೆ ಬಂದುದು. ಆದುದರಿಂದ ನಷ್ಟವಾಗುವ ಭಯವಿರುವುದೂ ಅದಕ್ಕೇ. ಇಬ್ನ್ ಬತೂತ, ಪಿರಾರ್ ಎಂಬ ಇಬ್ಬರು ಪರದೇಶಿಗಳು ಬರೆದಿಡದಿದ್ದರೆ ಹಿಕಿಮಸ್ಸಿನ ಪ್ರಾಚೀನತೆಯನ್ನು ಸಾಧಿಸಲು ನಮಗೆ ಶಬ್ದಸಾಮ್ಯವೊಂದೇ ಉಳಿಯುತ್ತಿದ್ದಿತು. ನಮ್ಮ ಕರಾವಳಿಯಲ್ಲಿಯೂ ಮೀನನ್ನು ಒಣಗಿಸುವ, ಉಪ್ಪಿನಲ್ಲಿಡುವ, ಕಾಯಿ ಹುಳಿಗಳೊಡನೆ ಹದಮಾಡುವ ವಿಧಾನಗಳೂ ಅವುಗಳ ಶಬ್ದಸಂಪತ್ತೂ ಬಹುಮಟ್ಟಿಗೆ ಹೆಂಗಸರ ಬಾಯಲ್ಲಿಯೇ ಇವೆ. ಅವನ್ನು ಆಯಾ ಊರಿನ ಮಾತಿನಲ್ಲಿಯೇ ಸಂಗ್ರಹಿಸಿ, ನಿಘಂಟುಕಾರರಿಗೂ ಇತಿಹಾಸಕಾರರಿಗೂ ಒದಗಿಸುವ ಕಾರ್ಯವನ್ನು ಭಾಷಾಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಮೂಲಕ ಕೈಕೊಳ್ಳುವರೆಂದು ಆಶಿಸುತ್ತೇನೆ.